ಮೀಸಲು ಪದಗಳೂ ಶಾಸ್ತ್ರಸಂಜ್ಞೆಗಳೂ: ‘ಸಿ’ ಗಣಕಭಾಷೆಯನ್ನು ಕುರಿತು ಒಂದು ವ್ಯಾಕರಣವಿಚಾರ

ಶಾಸ್ತ್ರಕಾರನು ಲೋಕದಲ್ಲಿ ಬಳಕೆಯಲ್ಲಿರುವ ಒಂದು ಶಬ್ದವನ್ನು ಎತ್ತಿಕೊಂಡು, ತನ್ನ ಶಾಸ್ತ್ರದೊಳಗೆ ಅದು ತಾನು ನಿಯಮಿಸಿದ ಅರ್ಥವನ್ನಲ್ಲದೆ ಮತ್ತೊಂದನ್ನು ಬೋಧಿಸಕೂಡದೆಂದು ವಿಧಿಸುವುದಕ್ಕೆ ಸಂಜ್ಞಾಕರಣವೆಂದು ಹೆಸರು. ವ್ಯಾಕರಣವನ್ನು ಕ್ರಮವಾಗಿ ಓದಿದವರಿಗೆ ಇದು ಮೊದಲ ದಿನದ ಪಾಠ. ಇದೇ ವ್ಯವಹಾರವು ಗಣಕಯಂತ್ರಗಳಿಗಾಗಿ ರಚಿತವಾದ ಭಾಷೆಗಳಲ್ಲಿಯೂ ನಡೆದಿರುವುದೆಂಬುದನ್ನೂ, ಅಲ್ಲಿ ಎದ್ದ ತೊಡಕುಗಳು ನಮ್ಮ ವೈಯಾಕರಣರು ಬಹುಕಾಲದ ಹಿಂದೆ ಚರ್ಚಿಸಿದ ತೊಡಕುಗಳೇ ಆಗಿರುವುವೆಂಬುದನ್ನೂ ವಿದ್ವಾಂಸರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಪ್ರಕೃತ ಲೇಖನದಲ್ಲಿ ‘ಸಿ’ ಎಂಬ ಏಕಾಕ್ಷರನಾಮದ ಗಣಕಭಾಷೆಯನ್ನು ತೆಗೆದುಕೊಂಡು, ಅದರ ಮೀಸಲು ಪದಗಳ ಇತಿಹಾಸವನ್ನು ಪರಿಶೀಲಿಸಿ, ಕನ್ನಡಕ್ಕೂ ಅವುಗಳಿಗೂ ಇರುವ ಸಂಬಂಧವೇನೆಂಬುದನ್ನು ನಿರ್ಣಯಿಸಲು ಯತ್ನಿಸಲಾಗುವುದು.

ಈ ವಿಚಾರವನ್ನು ಹನುಮನಹಳ್ಳಿಯಲ್ಲಿ ಕುಳಿತು ಬರೆಯುವುದರಲ್ಲಿ ಒಂದು ಔಚಿತ್ಯವೂ ಉಂಟು. ತುಂಗಭದ್ರೆಯ ಉತ್ತರ ದಡದಲ್ಲಿ, ಆನೆಗೊಂದಿಗೆ ಸಮೀಪದಲ್ಲಿ, ಅಂಜನಾದ್ರಿಯ ಬುಡದಲ್ಲಿರುವ ಈ ಊರಿನವರು ಹನುಮಂತನನ್ನು ತಮ್ಮವನೆಂದೇ ಭಾವಿಸುವರು. ಅವನ ಬಲವನ್ನು ಹೊಗಳುವವರು ಬಹುಮಂದಿ. ಆದರೆ ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಶ್ರೀರಾಮನು ಅವನನ್ನು ಮೊದಲು ಕಂಡಾಗ ಮೆಚ್ಚಿದ್ದು ಬಲವನ್ನಲ್ಲ, ಮಾತನ್ನು. ಇಷ್ಟು ಹೊತ್ತು ಮಾತನಾಡಿದರೂ ಒಂದಾದರೂ ಅಪಶಬ್ದವು ಬರಲಿಲ್ಲವಾದುದರಿಂದ ಇವನು ವ್ಯಾಕರಣವನ್ನು ಸಮಗ್ರವಾಗಿ ಕೇಳಿರಬೇಕೆಂದು ಅವನು ಲಕ್ಷ್ಮಣನಿಗೆ ಹೇಳುತ್ತಾನೆ. ಗಣಕಯಂತ್ರವು ಬೇಡುವುದೂ ಇದನ್ನೇ. ಅದರೊಡನೆ ಮಾತನಾಡುವವನು ಸಾವಿರ ಪಂಕ್ತಿಗಳನ್ನು ಸಾಧುವಾಗಿ ಬರೆದು ಒಂದರಲ್ಲಿ ಅಪಶಬ್ದವನ್ನು ಆಡಿದರೆ, ಅದು ಸಾವಿರವನ್ನೂ ತಿರಸ್ಕರಿಸುವುದು. ಶ್ರೀರಾಮನಿಗಿದ್ದ ದಾಕ್ಷಿಣ್ಯವನ್ನು ಅದರಲ್ಲಿ ನಿರೀಕ್ಷಿಸತಕ್ಕದ್ದಲ್ಲ.

ಈಗ ಪೂರ್ವಪಕ್ಷವನ್ನು ಹೇಳೋಣ. ಗಂಗಾವತಿ ಕೊಪ್ಪಳಗಳ ಕಾಲೇಜುಗಳಿಗೆ ಹೋಗುವ ನಮ್ಮ ಸೀಮೆಯ ಹುಡುಗರಲ್ಲಿ ಹಲವರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಅವರಿಗೆ ‘ಸಿ’ ಭಾಷೆಯ ಪುಸ್ತಕವನ್ನು ತೆರೆದೊಡನೆ ಎದುರಾಗುವುದು ಇಂಗ್ಲಿಷ್ ಪದಗಳ ಒಂದು ಪಟ್ಟಿ: ಇಫ್, ಎಲ್ಸ್, ವೈಲ್, ಫಾರ್, ರಿಟರ್ನ್ ಇತ್ಯಾದಿ. ಇದನ್ನು ಕಂಡು ಎರಡು ಬಗೆಯ ವಾದಗಳು ಹುಟ್ಟುವುವು. ಈ ಶಾಸ್ತ್ರವು ಇಂಗ್ಲಿಷಿನಲ್ಲಿಯೇ ಹುಟ್ಟಿ ಇಂಗ್ಲಿಷಿನಲ್ಲಿಯೇ ಇರತಕ್ಕದ್ದು, ಕನ್ನಡಕ್ಕೆ ಇಲ್ಲಿ ಅಧಿಕಾರವಿಲ್ಲ, ಆದುದರಿಂದ ಮಕ್ಕಳಿಗೆ ಮೊದಲಿನಿಂದಲೇ ಕನ್ನಡವನ್ನು ಬಿಡಿಸುವುದು ಲೇಸು ಎಂಬುದು ಒಂದು. ಆ ಪದಗಳನ್ನೆಲ್ಲ ಕನ್ನಡಕ್ಕೆ ತಿರುಗಿಸದ ಹೊರತು ಕನ್ನಡಿಗನಿಗೆ ಗಣಕವಿದ್ಯೆ ದಕ್ಕದು ಎಂಬುದು ಇನ್ನೊಂದು. ಈ ಎರಡು ವಾದಗಳೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದೇ ಭ್ರಾಂತಿಯಿಂದ ಹುಟ್ಟಿದವು. ಸಂಜ್ಞೆಯನ್ನು ಲೋಕಶಬ್ದವೆಂದು ತಿಳಿದುದೇ ಆ ಭ್ರಾಂತಿ.

ಮೀಸಲು ಪದವೆಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ‘ಸಿ’ ಭಾಷೆಯಲ್ಲಿ ಕ್ರಮವಿಧಿಯನ್ನು ಬರೆಯುವವನು ತನ್ನ ಎಣಿಕೆಗಳಿಗೂ ಕಾರ್ಯಗಳಿಗೂ ತನಗೆ ತೋರಿದ ಹೆಸರುಗಳನ್ನು ಇಡಬಹುದು. ಬೆಲೆ, ಮೊತ್ತ, ಸಾಲು, ಏನನ್ನಾದರೂ. ಆದರೆ ಕೆಲವು ಪದಗಳನ್ನು ಭಾಷೆಯೇ ತನಗಾಗಿ ಕಾದಿಟ್ಟುಕೊಂಡಿದೆ. ಅವುಗಳನ್ನು ಹೆಸರಾಗಿ ಇಡಕೂಡದು. ಪೂರ್ಣಾಂಕವನ್ನು ಸೂಚಿಸುವ ಇಂಟ್ ಎಂಬುದು ಅಂಥದೊಂದು. ಇಂಟ್ ಎಂಬ ಹೆಸರಿನ ಎಣಿಕೆಯನ್ನು ಯಾರಾದರೂ ಹೇಳಹೊರಟರೆ, ಆ ಬರಹವನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಕಂಪೈಲರ್ ಎಂಬ ಸಾಧನವು ಅಲ್ಲಿಯೇ ನಿಂತುಬಿಡುವುದು. ಆದರೆ ಇಂಟರೆಸ್ಟ್ ಎಂಬ ಹೆಸರಿಗೆ ಅಡ್ಡಿಯಿಲ್ಲ. ಏಕೆಂದರೆ ಕಂಪೈಲರು ಅಕ್ಷರಸಮೂಹವನ್ನು ಸಾಧ್ಯವಾದಷ್ಟು ಉದ್ದಕ್ಕೆ ಹಿಡಿದು, ಇಡೀ ಪದವನ್ನು ನೋಡುವುದೇ ಹೊರತು ಅದರ ತುಂಡನ್ನಲ್ಲ. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ಬರೆದ ಇಂಟ್ ಕೂಡ ಮೀಸಲಲ್ಲ. ಚಿಕ್ಕಕ್ಷರಗಳದ್ದಕ್ಕೆ ಮಾತ್ರ ಮೀಸಲು.

ಎಲ್ಲ ಗಣಕಭಾಷೆಗಳಲ್ಲಿಯೂ ಹೀಗೆಯೇ ಇತ್ತೆಂದು ತಿಳಿಯಬಾರದು. 1957ರಲ್ಲಿ ಹೊರಬಂದ ಫೋರ್ಟ್ರಾನ್ ಭಾಷೆಯಲ್ಲಿ ಯಾವ ಪದವೂ ಮೀಸಲಾಗಿರಲಿಲ್ಲ. ಮುಂದೆ ಬಂದ ಪಿಎಲ್‌-ಒನ್ ಭಾಷೆಯಲ್ಲಿಯೂ ಹಾಗೆಯೇ. ಅಲ್ಲಿ ಇಫ್ ಎಂಬ ಹೆಸರಿನ ಎಣಿಕೆಯನ್ನೇ ಇಫ್ ಎಂಬ ವಿಧಿಯಿಂದ ಪರೀಕ್ಷಿಸುವ ವಾಕ್ಯವನ್ನು ರಚಿಸಬಹುದಾಗಿತ್ತು. ಅದು ಶ್ಲೇಷಾಲಂಕಾರವನ್ನು ಮೆಚ್ಚುವವರಿಗೆ ಸೊಗಸಾದೀತೇ ಹೊರತು ಓದುವವನಿಗೆ ಶಿಕ್ಷೆ. ಕೋಬಾಲ್ ಭಾಷೆಯು ಇನ್ನೊಂದು ತುದಿಗೆ ಹೋಗಿ ಮುನ್ನೂರಕ್ಕೂ ಮಿಕ್ಕಿ ಪದಗಳನ್ನು ಕಾದಿಟ್ಟುಕೊಂಡಿತು. 1960ರ ಆಲ್ಗಾಲ್ ಭಾಷೆಯ ಕರ್ತರು ಮುದ್ರಣದ ಆಶ್ರಯವನ್ನು ಪಡೆದು, ಶಾಸ್ತ್ರಪದಗಳನ್ನು ದಪ್ಪಕ್ಷರದಲ್ಲಿಯೂ ಹೆಸರುಗಳನ್ನು ಸಾಮಾನ್ಯಾಕ್ಷರದಲ್ಲಿಯೂ ಅಚ್ಚುಮಾಡಿಸಿದರು. ಆಗ ಸಂಜ್ಞೆಗೂ ಲೋಕಶಬ್ದಕ್ಕೂ ರೂಪದಲ್ಲಿಯೇ ಭೇದವಾಯಿತು. ಈ ಉಪಾಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

‘ಸಿ’ ಭಾಷೆಯು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1972ರ ಸುಮಾರಿಗೆ ಡೆನಿಸ್ ರಿಚಿ ಎಂಬವರಿಂದ ರೂಪುಗೊಂಡಿತು. ಅದಕ್ಕೆ ಹಿಂದೆ ಕೆನ್ ಥಾಂಪ್ಸನ್ ರಚಿಸಿದ ‘ಬಿ’ ಎಂಬ ಭಾಷೆ ಇತ್ತು. ಅದಕ್ಕೂ ಹಿಂದೆ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ಮಾಡಿದ ಬಿಸಿಪಿಎಲ್. ಈ ವಂಶಾವಳಿಯನ್ನು ಹೇಳುವುದು ವ್ಯರ್ಥವಲ್ಲ. ಆಟೊ ಎಂಬ ಮೀಸಲು ಪದವು ‘ಬಿ’ಯಿಂದ ಬಂದ ಪಿತ್ರಾರ್ಜಿತ. ಒಂದು ಕಾರ್ಯದೊಳಗೆ ಹುಟ್ಟಿ ಅಲ್ಲಿಯೇ ಅಳಿಯುವ ಎಣಿಕೆಯನ್ನು ‘ಬಿ’ ಭಾಷೆಯಲ್ಲಿ ಆ ಪದದಿಂದ ಸೂಚಿಸಲೇಬೇಕಾಗಿತ್ತು. ‘ಸಿ’ಯಲ್ಲಿ ಏನನ್ನೂ ಹೇಳದಿದ್ದರೂ ಅದೇ ಅರ್ಥ ಬರುವುದರಿಂದ ಪದವು ನಿರುದ್ಯೋಗಿಯಾಯಿತು, ಆದರೂ ಮನೆಯ ಹಿರಿಯನಂತೆ ತನ್ನ ಪೀಠವನ್ನು ಬಿಡಲಿಲ್ಲ.

1978ರಲ್ಲಿ ಕರ್ನಿಘನ್ ಮತ್ತು ರಿಚಿ ಇವರಿಬ್ಬರೂ ಕೂಡಿ ಪ್ರಕಟಿಸಿದ ಗ್ರಂಥದಲ್ಲಿ ಇಪ್ಪತ್ತೆಂಟು ಮೀಸಲು ಪದಗಳ ಪಟ್ಟಿ ಇದೆ. ಅವುಗಳಲ್ಲಿ ಎಂಟ್ರಿ ಎಂಬುದೊಂದು. ಇದು ಯಾವ ಕಂಪೈಲರಿನಲ್ಲಿಯೂ ಕೆಲಸಮಾಡುವುದಿಲ್ಲ, ಮುಂದಿನ ಉಪಯೋಗಕ್ಕಾಗಿ ಕಾದಿಡಲಾಗಿದೆ ಎಂದು ಗ್ರಂಥಕರ್ತರೇ ತಿಳಿಸಿದ್ದರು. ಅರ್ಥವಿಲ್ಲದೆ ಅಧಿಕಾರವನ್ನು ಮಾತ್ರ ಪಡೆದ ಶಬ್ದವಿದು. ಆ ಮುಂದಿನ ಉಪಯೋಗವು ಬರಲೇ ಇಲ್ಲ. 1989ರಲ್ಲಿ ಅಮೆರಿಕದ ಪ್ರಮಾಣಸಂಸ್ಥೆಯು ಭಾಷೆಯನ್ನು ವ್ಯವಸ್ಥೆಗೊಳಿಸಿದಾಗ ಎಂಟ್ರಿಯನ್ನು ಕಿತ್ತುಹಾಕಿ, ಕಾನ್ಸ್ಟ್, ಈನಮ್, ಸೈನ್ಡ್, ವಾಯ್ಡ್, ವೋಲಟೈಲ್ ಎಂಬ ಐದನ್ನು ಸೇರಿಸಿತು. ಹೀಗೆ ಮೂವತ್ತೆರಡಾಯಿತು. ಕಾಲೇಜುಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವುದು ಈ ಮೂವತ್ತೆರಡನ್ನೇ. 1990ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಸಂಸ್ಥೆಯೂ ಇದನ್ನು ಅಂಗೀಕರಿಸಿತು.

ನಿಜವಾದ ತೊಡಕು ಇಲ್ಲಿಂದ ಮುಂದೆ. ಒಂದು ಭಾಷೆಯಲ್ಲಿ ಲಕ್ಷಾಂತರ ಕ್ರಮವಿಧಿಗಳು ಬರೆಯಲ್ಪಟ್ಟ ಮೇಲೆ ಹೊಸದೊಂದು ಪದವನ್ನು ಮೀಸಲೆಂದು ಘೋಷಿಸಿದರೆ, ಅದನ್ನು ಅದುವರೆಗೆ ಹೆಸರಾಗಿ ಬಳಸಿದ್ದ ಕ್ರಮವಿಧಿಗಳೆಲ್ಲ ಒಂದೇ ದಿನದಲ್ಲಿ ಅಸಾಧುಗಳಾಗುವುವು. ‘ಸಿ’ಯಿಂದ ಹುಟ್ಟಿದ ‘ಸಿ ಪ್ಲಸ್ ಪ್ಲಸ್’ ಭಾಷೆಯು ಕ್ಲಾಸ್, ನ್ಯೂ ಮುಂತಾದ ಸಾಮಾನ್ಯ ಪದಗಳನ್ನು ವಶಪಡಿಸಿಕೊಂಡುದರಿಂದ, ಅವುಗಳನ್ನು ಹೆಸರಾಗಿ ಇಟ್ಟಿದ್ದ ‘ಸಿ’ ಬರಹಗಳು ಅಲ್ಲಿ ನಡೆಯದೆ ಹೋದುವು. 1999ರ ಪರಿಷ್ಕರಣದಲ್ಲಿ ‘ಸಿ’ಯ ಸಮಿತಿಯು ಇನ್‌ಲೈನ್, ರಿಸ್ಟ್ರಿಕ್ಟ್ ಎಂಬ ಎರಡು ಪದಗಳನ್ನು ಧೈರ್ಯವಾಗಿ ತೆಗೆದುಕೊಂಡಿತು. ಆದರೆ ಸತ್ಯಾಸತ್ಯಗಳನ್ನು ಸೂಚಿಸುವ ಬೂಲ್ ಎಂಬ ಪದವು ಅಷ್ಟರಲ್ಲಿ ಬರಹಗಾರರ ಕೈಯಲ್ಲಿ ನೂರು ಬಗೆಯಾಗಿ ನಿರೂಪಿತವಾಗಿದ್ದುದರಿಂದ ಅದನ್ನು ಮುಟ್ಟಲು ಅಂಜಿ, ಮುಂದೆ ಒಂದು ಅಡಿಗೆರೆಯನ್ನು ಹಚ್ಚಿ, ಮೊದಲಕ್ಷರವನ್ನು ದೊಡ್ಡದಾಗಿಸಿ, ವಿಲಕ್ಷಣವಾದ ಒಂದು ರೂಪವನ್ನು ಕಲ್ಪಿಸಿತು. ಅಡಿಗೆರೆಯ ಮುಂದೆ ದೊಡ್ಡಕ್ಷರವಿರುವ ಹೆಸರುಗಳನ್ನು ಸಾಮಾನ್ಯ ಬರಹಗಾರನು ಬಳಸಕೂಡದೆಂಬ ನಿಯಮವು 1989ರಿಂದಲೂ ಇದ್ದುದರಿಂದ, ಈ ರೂಪದಿಂದ ಯಾರಿಗೂ ಹಾನಿಯಾಗಲಿಲ್ಲ. ಆ ವರ್ಷ ಸೇರಿದ ಐದರಲ್ಲಿ ಮೂರು ಹೀಗೆ ಅಡಿಗೆರೆಯವು. 2011ರಲ್ಲಿ ಸೇರಿದ ಏಳೂ ಅಡಿಗೆರೆಯವೇ. ಒಟ್ಟು ನಾಲ್ವತ್ತನಾಲ್ಕಾಯಿತು.

ವ್ಯಾಕರಣವನ್ನು ಓದಿದವರಿಗೆ ಇದನ್ನು ಕೇಳಿದೊಡನೆ ನಗು ಬರಬೇಕು. ಪಾಣಿನಿಯ ಸಂಜ್ಞೆಗಳಲ್ಲಿಯೂ ಇವೇ ಎರಡು ಜಾತಿಗಳು. ವೃದ್ಧಿ, ಗುಣ, ನದೀ ಎಂಬುವು ಲೋಕದಿಂದ ಎತ್ತಿದ ಶಬ್ದಗಳು. ಲೋಕದಲ್ಲಿ ನದಿಯೆಂದರೆ ತುಂಗಭದ್ರೆ; ಅಷ್ಟಾಧ್ಯಾಯಿಯಲ್ಲಿ ಈಕಾರಾಂತ ಊಕಾರಾಂತಗಳಾದ ಕೆಲವು ಸ್ತ್ರೀಲಿಂಗಶಬ್ದಗಳು. ಟಿ, ಘು, ಘಿ, ಭ ಎಂಬುವಾದರೋ ಲೋಕದಲ್ಲಿ ಯಾರೂ ಬಳಸದ ಕೃತಕ ಧ್ವನಿಗಳು. ಅವುಗಳನ್ನು ಕಾದಿಟ್ಟುದರಿಂದ ಯಾರ ಮಾತಿಗೂ ಭಂಗವಿಲ್ಲ. ಅಡಿಗೆರೆಯ ಬೂಲ್ ಈ ಎರಡನೆಯ ಜಾತಿಗೆ ಸೇರಿದ್ದು.

ಈ ಕೃತಕಮಾರ್ಗವನ್ನು ಕೊನೆಯವರೆಗೆ ನಡೆಸಿದವರು ಕನ್ನಡನಾಡಿನ ಪರಂಪರೆಗೆ ಸೇರಿದ ಪೂಜ್ಯಪಾದರೆಂಬುದು ಸ್ಮರಣೀಯ. ದೇವನಂದಿಯೆಂಬ ನಾಮಾಂತರವುಳ್ಳ ಆ ಜೈನಾಚಾರ್ಯರು ತಮ್ಮ ಜೈನೇಂದ್ರವ್ಯಾಕರಣದಲ್ಲಿ ವೃದ್ಧಿಯೆಂಬ ಅರ್ಥವತ್ತಾದ ಸಂಜ್ಞೆಯನ್ನು ಬಿಟ್ಟು ‘ಐಪ್’ ಎಂದೂ, ಗುಣವನ್ನು ಬಿಟ್ಟು ‘ಏಪ್’ ಎಂದೂ ಮಾಡಿದರು. ಲಾಘವಕ್ಕೆ ಇದಕ್ಕಿಂತ ಮಿಗಿಲಿಲ್ಲ. ಆದರೆ ಓದುವವನಿಗೆ ವೃದ್ಧಿ ಎಂಬಲ್ಲಿ ಬೆಳೆಯುವುದರ ಸೂಚನೆಯಾದರೂ ಉಂಟು. ಐಪ್ ಎಂಬಲ್ಲಿ ಯಾವುದೂ ಇಲ್ಲ. ಪ್ರಚಾರದಲ್ಲಿ ಉಳಿದುದು ವೃದ್ಧಿಗುಣಗಳೇ. ‘ಸಿ’ ಭಾಷೆಯಲ್ಲಿ ಆದುದೂ ಅದೇ. ಅಡಿಗೆರೆಯ ರೂಪಗಳು ಯಾರಿಗೂ ರುಚಿಸದೆ, ಒಂದು ಪ್ರತ್ಯೇಕ ಕಡತದ ಮೂಲಕ ಬೂಲ್ ಎಂಬ ಸುಲಭರೂಪವನ್ನು ಒದಗಿಸಬೇಕಾಯಿತು. 2024ರಲ್ಲಿ ಪ್ರಕಟವಾದ ಪರಿಷ್ಕರಣದಲ್ಲಿ ಬೂಲ್, ಟ್ರೂ, ಫಾಲ್ಸ್ ಮುಂತಾದುವನ್ನು ಅಡಿಗೆರೆಯಿಲ್ಲದೆಯೇ ಮೀಸಲು ಮಾಡಿದರು. ಅದೇ ಪರಿಷ್ಕರಣದಲ್ಲಿ ನಿರುದ್ಯೋಗಿಯಾದ ಆಟೊಗೂ ಕೆಲಸ ದೊರೆಯಿತು: ಎಣಿಕೆಯ ಜಾತಿಯನ್ನು ಅದಕ್ಕೆ ಕೊಟ್ಟ ಬೆಲೆಯಿಂದಲೇ ಊಹಿಸಿಕೊಳ್ಳೆಂದು ಆ ಪದದಿಂದ ಕಂಪೈಲರಿಗೆ ಹೇಳಬಹುದು. ಹಳೆಯ ಪದವು ಹೇಗೂ ಮೀಸಲಾಗಿಯೇ ಇದ್ದುದರಿಂದ ಹೊಸ ಅರ್ಥಕ್ಕೆ ಹೊಸ ಪದವನ್ನು ಕಸಿಯಬೇಕಾಗಲಿಲ್ಲ. ಸ್ಟ್ಯಾಟಿಕ್ ಎಂಬ ಪದಕ್ಕೆ ಮೂರು ಅರ್ಥಗಳು ಬಂದುದಕ್ಕೂ ಇದೇ ಲೋಭವು ಕಾರಣವೆಂದು ತೋರುತ್ತದೆ. ಇದು ಮಾತ್ರ ಶಾಸ್ತ್ರಕ್ಕೆ ಶೋಭೆಯಲ್ಲ.

ಇನ್ನು ಸಿದ್ಧಾಂತಕ್ಕೆ ಬರೋಣ. ಅಷ್ಟಾಧ್ಯಾಯಿಯ ಪ್ರಥಮಪಾದದಲ್ಲಿಯೇ ಪಾಣಿನಿಯು ಒಂದು ವ್ಯವಸ್ಥೆಯನ್ನು ಮಾಡಿದ್ದಾನೆ. ವ್ಯಾಕರಣದಲ್ಲಿ ಶಬ್ದವು ತನ್ನ ರೂಪವನ್ನೇ ಬೋಧಿಸುವುದು. ಶಾಸ್ತ್ರಸಂಜ್ಞೆಯಾಗಿದ್ದರೆ ಮಾತ್ರ ಹಾಗಲ್ಲ, ಅದು ತನ್ನ ಸಂಜ್ಞಿಯನ್ನು ಬೋಧಿಸುವುದು. ಹೆಸರುಗಳಿಗೂ ಮೀಸಲು ಪದಗಳಿಗೂ ಇರುವ ಭೇದವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲಾಗದು. ಕೃತಕಾರ್ಥವೂ ಲೋಕಾರ್ಥವೂ ಒಂದೆಡೆಯಲ್ಲಿ ಬಂದರೆ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆಯನ್ನು ಪತಂಜಲಿಯು ಎತ್ತಿಕೊಂಡು, ಕೃತಕವನ್ನೇ ಹಿಡಿಯಬೇಕೆಂಬುದಕ್ಕೆ ಲೋಕದ ದೃಷ್ಟಾಂತವನ್ನು ಕೊಡುತ್ತಾನೆ. ಗೋಪಾಲಕನನ್ನು ಕರೆದುಕೊಂಡು ಬಾ ಎಂದರೆ ಆ ಹೆಸರಿನವನನ್ನು ಕರೆತರುವರೇ ಹೊರತು ದನಕಾಯುವವನನ್ನಲ್ಲ. ಹಾಗೆಯೇ ‘ಸಿ’ಯಲ್ಲಿ ರಿಜಿಸ್ಟರ್ ಎಂದರೆ ಶಾಲೆಯ ಹಾಜರಿಪುಸ್ತಕವಲ್ಲ, ಈ ಎಣಿಕೆಯನ್ನು ಯಂತ್ರದ ಅತಿಶೀಘ್ರಸ್ಥಾನದಲ್ಲಿ ಇಡು ಎಂಬ ಸೂಚನೆ. ಕಂಪೈಲರುಗಳು ಆ ಸೂಚನೆಯನ್ನು ಬಹುಮಟ್ಟಿಗೆ ಉಪೇಕ್ಷಿಸುವುವೆಂಬುದು ಬೇರೆ ಮಾತು. ಫ್ಲೋಟ್ ಎಂದರೆ ತೇಲುವುದಲ್ಲ, ಯೂನಿಯನ್ ಎಂದರೆ ಕಾರ್ಮಿಕರ ಸಂಘವಲ್ಲ, ವೋಲಟೈಲ್ ಎಂದರೆ ಆವಿಯಾಗುವುದಲ್ಲ. ಇಂಗ್ಲಿಷ್ ಬಲ್ಲ ಹುಡುಗನು ಆ ಲೋಕಾರ್ಥಗಳನ್ನು ಮೊದಲು ಮರೆಯಬೇಕು, ಅನಂತರ ಶಾಸ್ತ್ರಾರ್ಥವನ್ನು ಕಲಿಯಬೇಕು. ಕನ್ನಡದ ಹುಡುಗನಿಗೆ ಮರೆಯುವ ಕೆಲಸವಿಲ್ಲ. ಇಫ್, ಎಲ್ಸ್, ರಿಟರ್ನ್ ಮುಂತಾದ ಹತ್ತು ಹನ್ನೆರಡು ಪದಗಳಲ್ಲಿ ಇಂಗ್ಲಿಷ್ ಬಲ್ಲವನಿಗೆ ಅನುಕೂಲವಿರುವುದು ನಿಜ. ಆದರೆ ಸಂಸ್ಕೃತವನ್ನು ಅರಿಯದ ಹುಡುಗನಿಗೆ ಒಂದು ತಿಂಗಳಲ್ಲಿ ವೃದ್ಧಿಗುಣಗಳನ್ನು ಹೇಳಿಕೊಟ್ಟ ಉಪಾಧ್ಯಾಯರು ಈ ಅನುಕೂಲವನ್ನು ಪರ್ವತವೆಂದು ಎಣಿಸಲಾರರು.

ಶಾಸ್ತ್ರದ ಮಾತು ಒಂದು ಭಾಷೆಯದು, ಶಾಸ್ತ್ರವು ಅನ್ವಯಿಸುವ ಮಾತು ಇನ್ನೊಂದು ಭಾಷೆಯದು ಎಂಬ ಏರ್ಪಾಡು ಕನ್ನಡಕ್ಕೆ ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ನಾಗವರ್ಮನು ಕರ್ಣಾಟಕಭಾಷಾಭೂಷಣವನ್ನು ರಚಿಸಿದಾಗ ಕನ್ನಡದ ವ್ಯಾಕರಣವನ್ನು ಸಂಸ್ಕೃತಸೂತ್ರಗಳಲ್ಲಿ ಹೇಳಿದನು. 1604ರಲ್ಲಿ ಭಟ್ಟಾಕಳಂಕದೇವನು 592 ಸಂಸ್ಕೃತಸೂತ್ರಗಳಲ್ಲಿ ಕರ್ಣಾಟಕಶಬ್ದಾನುಶಾಸನವನ್ನು ರಚಿಸಿದನು. ಸೂತ್ರ ಸಂಸ್ಕೃತ, ಉದಾಹರಣೆ ಕನ್ನಡ. ಇದರಿಂದ ಕನ್ನಡಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ಅಷ್ಟೇ ಅಲ್ಲ, ಕನ್ನಡವು ಶಾಸ್ತ್ರಕ್ಕೆ ಯೋಗ್ಯವಲ್ಲವೆಂಬ ಆಕ್ಷೇಪವನ್ನು ಭಟ್ಟಾಕಳಂಕನೇ ಎತ್ತಿಕೊಂಡು, ಕನ್ನಡದಲ್ಲಿದ್ದ ಚೂಡಾಮಣಿಯೆಂಬ ತೊಂಬತ್ತಾರು ಸಾವಿರ ಗ್ರಂಥಪರಿಮಿತಿಯ ತತ್ತ್ವಾರ್ಥವ್ಯಾಖ್ಯಾನವನ್ನು ತೋರಿಸಿ ಅದನ್ನು ಖಂಡಿಸಿದ್ದಾನೆ. ಸಂಸ್ಕೃತದಲ್ಲಿ ಸೂತ್ರ ಬರೆದವನೇ ಕನ್ನಡದ ಪರವಾಗಿ ವಾದಿಸಿದನೆಂಬುದನ್ನು ಮೇಲೆ ಹೇಳಿದ ಎರಡು ಪಕ್ಷದವರೂ ಮನಸ್ಸಿಗೆ ತಂದುಕೊಳ್ಳುವುದು ಯುಕ್ತ.

ಹಾಗಾದರೆ ಮೀಸಲು ಪದಗಳನ್ನು ಕನ್ನಡಿಸುವ ಯತ್ನಗಳು ವ್ಯರ್ಥವೇ? ಹಾಗಲ್ಲ. ಮಕ್ಕಳಿಗಾಗಿ ಮಾಡಿದ ಲೋಗೊ ಎಂಬ ಭಾಷೆಯನ್ನು ಯು. ಬಿ. ಪವನಜರು ಕನ್ನಡಕ್ಕೆ ತಂದು, ಅದರ ಆದೇಶಪದಗಳನ್ನು ಕನ್ನಡವಾಗಿಸಿರುವರು. ರೋಮನ್ ಅಕ್ಷರವನ್ನೇ ಅರಿಯದ ಮಗುವಿಗೆ ಅದು ಯುಕ್ತವಾದ ಉಪಕಾರ. ಆದರೆ ‘ಸಿ’ಯಂತಹ ಭಾಷೆಯ ಮೀಸಲು ಪದಗಳಿಗೆ ಮುಸುಕು ಹಾಕುವುದರ ಫಲವನ್ನು ಇಂಗ್ಲಿಷಿನವರೇ ಕಂಡಿದ್ದಾರೆ. ಒಂದು ಪದದ ಬದಲು ಇನ್ನೊಂದನ್ನು ಆದೇಶವಾಗಿ ತರುವ ಸೌಕರ್ಯವು ‘ಸಿ’ಯಲ್ಲಿಯೇ ಉಂಟು, ಬೇಕಾದರೆ ಇಫ್ ಎಂಬುದಕ್ಕೆ ‘ಆದರೆ’ ಎಂದು ಬರೆಯಬಹುದು. ಸ್ಟೀಫನ್ ಬೋರ್ನ್ ಎಂಬವರು 1979ರಲ್ಲಿ ಯೂನಿಕ್ಸ್ ವ್ಯವಸ್ಥೆಯೊಡನೆ ಹೊರಬಂದ ತಮ್ಮ ಪ್ರಸಿದ್ಧ ಆದೇಶವಾಚಕವನ್ನು, ಈ ಸೌಕರ್ಯದಿಂದ ‘ಸಿ’ಗೆ ಆಲ್ಗಾಲಿನ ವೇಷವನ್ನು ಹಾಕಿ ಬರೆದರು. ಯಂತ್ರಕ್ಕೆ ಅದು ಸರಿಹೋಯಿತು; ಅನಂತರ ಅದನ್ನು ಓದಿ ತಿದ್ದಬೇಕಾದವರಿಗೆ ‘ಸಿ’ಯೂ ಅಲ್ಲದ ಆಲ್ಗಾಲೂ ಅಲ್ಲದ ಒಂದು ಮಣಿಪ್ರವಾಳವು ಗಂಟುಬಿದ್ದಿತು. ಕೇಶಿರಾಜನು ಅರಿಸಮಾಸವೆಂದು ಹೆಸರಿಟ್ಟುದರ ನೆನಪು ಬರುವುದು.

ಈ ಪಕ್ಷಗಳೆರಡೂ ಗಮನಿಸದ ಒಂದು ವಿಷಯವಿದೆ. 1999ರ ಪ್ರಮಾಣಗ್ರಂಥದ ಅನುಬಂಧವೊಂದರಲ್ಲಿ, ರೋಮನ್ ಲಿಪಿಯಲ್ಲದೆ ಮತ್ತಾವ ಲಿಪಿಗಳ ಅಕ್ಷರಗಳನ್ನು ಹೆಸರುಗಳಲ್ಲಿ ಬಳಸಬಹುದೆಂಬ ಪಟ್ಟಿಯನ್ನು ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ಕನ್ನಡವು ತನ್ನ ಹೆಸರಿನಿಂದಲೇ ಇದೆ. ಸ್ವರಗಳು, ವ್ಯಂಜನಗಳು, ಕಾಗುಣಿತದ ಚಿಹ್ನೆಗಳು, ಅನುಸ್ವಾರವಿಸರ್ಗಗಳು, ಕನ್ನಡದ ಅಂಕಿಗಳು ಎಲ್ಲಕ್ಕೂ ಪ್ರವೇಶ ಉಂಟು. ಅಂದರೆ ಮೊತ್ತ, ಬಡ್ಡಿ, ಇಳುವರಿ ಎಂಬ ಹೆಸರುಗಳನ್ನು ಕನ್ನಡಲಿಪಿಯಲ್ಲಿಯೇ ಇಡಲು ಶಾಸ್ತ್ರವು ಅಂದೇ ಅನುಮತಿಸಿತು. ಶಾಸ್ತ್ರದ ಅನುಮತಿಗೂ ಲೋಕದ ಆಚಾರಕ್ಕೂ ಎಷ್ಟು ಅಂತರವೆಂದರೆ, ಬಹುಜನರು ಬಳಸುವ ಜಿಸಿಸಿ ಎಂಬ ಕಂಪೈಲರು ಕನ್ನಡಾಕ್ಷರಗಳನ್ನು ನೇರವಾಗಿ ಬರೆದುದನ್ನು ಒಪ್ಪಿಕೊಂಡುದು 2020ರಲ್ಲಿ. ಅದಕ್ಕೆ ಮುಂಚೆ ಒಂದೊಂದು ಅಕ್ಷರಕ್ಕೂ ಅದರ ಸಂಕೇತಸಂಖ್ಯೆಯನ್ನು ಬರೆಯಬೇಕಾಗಿತ್ತು.

ಇಲ್ಲಿ ಪತಂಜಲಿಯ ಪ್ರಶ್ನೆಯೇ ಮಾಯವಾಗುವುದನ್ನು ನೋಡಿರಿ. ಮೀಸಲು ಪದಗಳೆಲ್ಲ ರೋಮನ್ ಲಿಪಿಯವು. ಅಡಿಗೆರೆಯ ನಿಯಮವೂ ರೋಮನ್ ಲಿಪಿಯ ದೊಡ್ಡಕ್ಷರವನ್ನು ಅವಲಂಬಿಸಿದ್ದು; ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲ. ಆದುದರಿಂದ ಕನ್ನಡದ ಯಾವ ಪದವೂ ಯಾವ ಮೀಸಲು ಪದದೊಡನೆಯೂ ಘರ್ಷಿಸಲಾರದು. ಇಂಗ್ಲಿಷಿನವನು ತನ್ನ ನುಡಿಯ ರಿಜಿಸ್ಟರ್, ಕೇಸ್, ಸ್ವಿಚ್, ಡಬಲ್, ಶಾರ್ಟ್, ಲಾಂಗ್ ಎಂಬ ನಿತ್ಯಬಳಕೆಯ ಪದಗಳನ್ನು ಯಂತ್ರಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು. ಮುಂದಿನ ಪರಿಷ್ಕರಣದಲ್ಲಿ ಇನ್ನಾವುದು ಹೋಗುವುದೋ ಅವನಿಗೆ ತಿಳಿಯದು. ಕನ್ನಡದವನು ಕಳೆದುಕೊಳ್ಳುವುದು ಒಂದನ್ನೂ ಇಲ್ಲ. ದಾಖಲೆ, ಸಂದರ್ಭ, ಇಮ್ಮಡಿ, ಗಿಡ್ಡ, ಉದ್ದ, ಎಲ್ಲವೂ ಅವನವೇ. ಆಲ್ಗಾಲಿನವರು ದಪ್ಪಕ್ಷರದಿಂದ ಸಾಧಿಸಿದ ಸಂಜ್ಞಾಲೋಕಶಬ್ದಗಳ ಭೇದವು ಇಲ್ಲಿ ಲಿಪಿಯಿಂದಲೇ ಸಿದ್ಧವಾಗುವುದು. ನಾಗವರ್ಮ ಭಟ್ಟಾಕಳಂಕರ ಸೂತ್ರೋದಾಹರಣಗಳ ಹಾಗೆ, ವಿಧಿ ಒಂದು ನುಡಿಯಲ್ಲಿ, ವಸ್ತು ಇನ್ನೊಂದರಲ್ಲಿ.

ಆದುದರಿಂದ ನಮ್ಮವರ ಶ್ರಮವು ಸಲ್ಲಬೇಕಾದುದು ಈ ಮೂವತ್ತೆರಡು ಪದಗಳ ಅನುವಾದಕ್ಕೆ ಅಲ್ಲ. ಹೆಸರುಗಳು ಯಾವ ಅಕ್ಷರಗಳಿಂದ ಆಗುವುವೋ ಆ ಅಕ್ಷರಗಳ ವ್ಯವಸ್ಥೆಯನ್ನು ಕಾಯುವುದಕ್ಕೆ. ಏಕೆಂದರೆ ಅಲ್ಲಿ ನಾವು ಈಗಾಗಲೇ ಒಂದನ್ನು ಸೋತಿರುತ್ತೇವೆ.

ಪ್ರಪಂಚದ ಲಿಪಿಗಳಿಗೆಲ್ಲ ಸಂಕೇತಸಂಖ್ಯೆಗಳನ್ನು ಕೊಟ್ಟ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರ ಪ್ರಥಮಾವೃತ್ತಿಯಿಂದಲೂ ಕನ್ನಡವಿದೆ. ಅಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸಂಖ್ಯೆಯೊಡನೆ ಒಂದು ನಾಮವಿರುವುದು. 1996ರ ಎರಡನೆಯ ಆವೃತ್ತಿಯಿಂದೀಚೆಗೆ, ಒಮ್ಮೆ ಇಟ್ಟ ನಾಮವನ್ನು ಎಂದೆಂದಿಗೂ ಬದಲಾಯಿಸಕೂಡದೆಂಬ ಪ್ರತಿಜ್ಞೆ ನಡೆದಿದೆ. ನಾಮಗಳಿಗೆ ಮೀಸಲು ಪದಗಳಿಗಿಂತಲೂ ಬಿಗಿಯಾದ ಕಟ್ಟು ಇದು. ಎಂಟ್ರಿಯನ್ನು ಕಿತ್ತುಹಾಕಿದಂತೆ ಇಲ್ಲಿ ಯಾವುದನ್ನೂ ಕಿತ್ತುಹಾಕುವಂತಿಲ್ಲ. ಕನ್ನಡದ ಭಾಗದಲ್ಲಿ 0ಸಿಡಿಇ ಎಂಬ ಸಂಖ್ಯೆಯ ಅಕ್ಷರವು ನಮ್ಮ ೞಕಾರ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶುದ್ಧಗೆಯ ನಾಲ್ವತ್ತೇಳು ಅಕ್ಷರಗಳನ್ನು ಎಣಿಸುವಾಗ ದೇಶೀಯವೆಂದು ಬೇರ್ಪಡಿಸಿ ಹೇಳಿದ ಐದರಲ್ಲಿ ಇದೊಂದು; ಯಾವ ಯಾವ ಪದಗಳಲ್ಲಿ ಇದು ಬರುವುದೆಂಬುದನ್ನೂ ಪಟ್ಟಿಮಾಡಿ ಕೊಟ್ಟಿದ್ದಾನೆ. ಸಂಸ್ಕೃತದಲ್ಲಿ ಇಲ್ಲದ, ತಮಿಳು ಮಲಯಾಳಗಳಲ್ಲಿ ಇನ್ನೂ ಬಾಳುತ್ತಿರುವ, ಹಳಗನ್ನಡದ ಕುಲಚಿಹ್ನೆಯೆನ್ನಬಹುದಾದ ಅಕ್ಷರ. ಅದಕ್ಕೆ ಆ ಗ್ರಂಥದಲ್ಲಿ ಇಟ್ಟಿರುವ ನಾಮವು ‘ಕನ್ನಡದ ಫಾ ಅಕ್ಷರ’. ಫಾರಸಿ ಇಂಗ್ಲಿಷುಗಳಿಂದ ಬಂದ ಪದಗಳಲ್ಲಿ ಮಾತ್ರ ಕೇಳಿಬರುವ ಧ್ವನಿಯ ಹೆಸರನ್ನು ಕನ್ನಡದ ಅತ್ಯಂತ ದೇಶೀಯವಾದ ಅಕ್ಷರಕ್ಕೆ ಇಟ್ಟಿದ್ದಾರೆ. ದೋಷವು ಅನಂತರ ತಿಳಿದುಬಂದಿತು. ಆದರೆ ಪ್ರತಿಜ್ಞೆಯನ್ನು ಮುರಿಯಲಾಗದು. ಆದುದರಿಂದ ಶೋಧಿತನಾಮಗಳ ಒಂದು ಪ್ರತ್ಯೇಕ ಪಟ್ಟಿಯಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ, ಮೂಲನಾಮವನ್ನು ಇದ್ದಂತೆಯೇ ಬಿಟ್ಟಿರುವರು. ನಮ್ಮ ಪ್ರಾಚೀನಗ್ರಂಥಗಳ ಲಿಪಿಕಾರರ ತಪ್ಪುಗಳನ್ನು ತಿದ್ದಲು ಪಾಠಾಂತರಗಳಾದರೂ ಸಿಕ್ಕುವುವು. ಇಲ್ಲಿ ತಪ್ಪೇ ಪ್ರಮಾಣ.

ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳು ಎಲ್ಲಿಯದೆಂದು ಹೇಳುತ್ತ ಎಣಿಸಿದ ನಾಲ್ಕು ಎಡೆಗಳಲ್ಲಿ ಕೊಪಣವೂ ಒಂದು, ಇಂದಿನ ಕೊಪ್ಪಳವದು. ಆ ಸೀಮೆಯವನಾಗಿ ಈ ಫಾಕಾರವನ್ನು ಕಂಡು ಸುಮ್ಮನಿರುವುದು ಕಷ್ಟ. ಹಳಗನ್ನಡವನ್ನು ಓದಿದ ಒಬ್ಬನಾದರೂ ಆ ಪಟ್ಟಿಯನ್ನು 1996ಕ್ಕೆ ಮೊದಲು ನೋಡಿ ಆಕ್ಷೇಪಿಸಿದ್ದರೆ ಹೆಸರು ಸರಿಹೋಗಬಹುದಾಗಿತ್ತು. ಇಂಥ ವಿಷಯಗಳು ಎಂಜಿನಿಯರುಗಳಿಗೆ ಸೇರಿದವೆಂದು ಸಾಹಿತ್ಯದವರೂ, ಸಾಹಿತ್ಯದವರಿಗೆ ಸೇರಿದವೆಂದು ಎಂಜಿನಿಯರುಗಳೂ ಬಿಟ್ಟರೆ ಆಗುವುದು ಇದೇ.

ವಿಚಾರವು ಮುಗಿದಿಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡುವೆನು. ಕನ್ನಡದ ಬರಹದಲ್ಲಿ ಒತ್ತಕ್ಷರವಾಗದಂತೆ ತಡೆಯಲೂ, ಅರ್ಕಾವತ್ತಿನ ಬದಲು ರಕಾರವನ್ನು ಪೂರ್ಣರೂಪದಲ್ಲಿ ಉಳಿಸಲೂ ಎರಡು ಅದೃಶ್ಯಚಿಹ್ನೆಗಳನ್ನು ಬಳಸುವರು. ಸಾಫ್ಟ್‌ವೇರ್ ಎಂಬ ಪದದಲ್ಲಿ ಟಕಾರಕ್ಕೆ ವಕಾರವು ಒತ್ತಾಗಿ ಅಂಟದಿರುವುದು ಅಂತಹ ಚಿಹ್ನೆಯಿಂದಲೇ. 2011ರ ಪ್ರಮಾಣಗ್ರಂಥವು ಆ ಚಿಹ್ನೆಗಳನ್ನು ಹೆಸರುಗಳಲ್ಲಿ ಅನುಮತಿಸಿತ್ತು. 2024ರದು ಯೂನಿಕೋಡಿನ ಸಾಮಾನ್ಯನಿಯಮವನ್ನು ಅನುಸರಿಸಿದುದರಿಂದ ಅವು ಹೊರಗುಳಿದುವು. ಕಣ್ಣಿಗೆ ಕಾಣದ ಚಿಹ್ನೆಯಿಂದ ಎರಡು ಹೆಸರುಗಳು ಒಂದೇ ಆಗಿ ತೋರಿ ಮೋಸಕ್ಕೆ ಎಡೆಯಾಗಬಹುದೆಂಬ ಭಯವು ಅಯುಕ್ತವೆನ್ನಲಾಗದು. ಆದರೆ ಕನ್ನಡದಲ್ಲಿ ಆ ಚಿಹ್ನೆಗಳಿಂದ ಕಣ್ಣಿಗೆ ಕಾಣುವ ಭೇದವೇ ಹುಟ್ಟುವುದರಿಂದ ಇದು ಚರ್ಚೆಗೆ ಅರ್ಹವಾದ ವಿಷಯ. ಭಾಷೆಯ ಪರಿಷ್ಕರಣವು ಹತ್ತು ಹನ್ನೆರಡು ವರ್ಷಗಳಿಗೊಮ್ಮೆ ನಡೆಯುತ್ತಿರುವುದು; ಕನ್ನಡದ ಪಕ್ಷವನ್ನು ಹೇಳುವುದಕ್ಕೆ ಕಾಲವಿದೆ.

ೞಕಾರದ ನಾಮವು ಕೆಟ್ಟರೂ ಅದರ ಸ್ಥಾನವು ಕೆಡಲಿಲ್ಲ. 1999ರ ಅನುಬಂಧದಲ್ಲಿ 0ಸಿಡಿಇ ಸಂಖ್ಯೆಯು ಬೇರೆಯಾಗಿಯೇ ನಮೂದಾಗಿದೆ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಹೊಸಗನ್ನಡದ ಬರಹವು ಎರಡನ್ನೂ ಬಾಳು ಎಂದು ಒಂದಾಗಿಸಿ ಬಹುಕಾಲವಾಯಿತು. ‘ಸಿ’ಯ ಕಂಪೈಲರು ಇವೆರಡನ್ನೂ ಎರಡು ಬೇರೆ ಬೇರೆ ಹೆಸರುಗಳೆಂದೇ ತಿಳಿದು, ಒಂದಕ್ಕೆ ಕೊಟ್ಟ ಬೆಲೆಯನ್ನು ಇನ್ನೊಂದಕ್ಕೆ ಹಚ್ಚದೆ, ಪ್ರತ್ಯೇಕವಾಗಿ ಕಾಪಾಡುವುದು.